ಎರಡನೆಯ ಏಟು

ದೆವ್ವ, ಪವಾಡ, ಮುನ್ಸೂಚನೆ, ಕನಸಿನಲ್ಲಿ ಬಂದು ಹೇಳಿದರು ಎನ್ನುವ ಮಾತು, ಇವುಗಳಲ್ಲಿ ಯಾವುದನ್ನೂ ನಾನು ನಂಬಿದವಳಲ್ಲ. ಇಂಥ ಕತೆ ಹೇಳುವವರು ಎದುರು ಸಿಕ್ಕಿದರೆ ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಸುಳ್ಳು ಹೇಳಿ ಜಾಗ ಖಾಲಿ ಮಾಡುತ್ತಿದ್ದೆ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನೀವೂ ಹಾಲಿನ ನೆಪ ಹೇಳಿ ಎದ್ದುಹೋದರೆ ನನಗೆ ಬೇಸರವಿಲ್ಲ. ಕೂತು ಓದುವುದಾದರೆ ಮಾತ್ರ ಒಂದು ಕರಾರು. ಕೊನೆಯಲ್ಲಿ, ಇದರಿಂದ ಏನು ಕಲಿತಿರಿ ಎಂದು ಕೇಳಬಾರದು. ಮದುವೆಯಾದ ದಿನದಿಂದ ಆ ಪ್ರಶ್ನೆಯನ್ನು ಒಂದೇ ಸೂರಿನಡಿ ಸಹಿಸಿಕೊಂಡು ಬಂದವಳು ನಾನು.

ಯಾಕೆಂದರೆ ನಮ್ಮ ಯಜಮಾನರಿಗೆ ಎಲ್ಲದರಲ್ಲೂ ಪಾಠ ಕಾಣುತ್ತದೆ. ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿಕೊಂಡಿದ್ದು ನಿವೃತ್ತರಾದವರು. ಕೆಲಸದಲ್ಲಿದ್ದಾಗ ಈ ಚಾಳಿ ಭಾನುವಾರಕ್ಕೆ ಸೀಮಿತವಾಗಿತ್ತು. ನಿವೃತ್ತಿಯಾದ ಮೇಲೆ ದಿನವೂ ಭಾನುವಾರವಾಯಿತು. ಕುಕ್ಕರ್ ಕೂಗಿದರೆ ಅದು ಮನಸ್ಸಿನ ಒತ್ತಡವನ್ನು ಹೊರಹಾಕುವ ಕಲೆ. ಹಾಲು ಉಕ್ಕಿದರೆ ಅಹಂಕಾರ. ಉಕ್ಕಿದ ಹಾಲನ್ನು ಒರೆಸುವುದರಲ್ಲೂ ಏನಾದರೂ ಇರಬೇಕು, ಆದರೆ ಒರೆಸುವವಳು ನಾನಾದ್ದರಿಂದ ಅದು ಅವರಿಗೆ ಇನ್ನೂ ಹೊಳೆದಿಲ್ಲ.

ಋತುಗಳಿಗೂ ಬಿಡುವಿಲ್ಲ. ಯುಗಾದಿಯ ಬೇವುಬೆಲ್ಲವನ್ನು ಊರೆಲ್ಲ ಅಗಿದು ಅಗಿದು ಚರಟ ಮಾಡಿದೆ, ಇವರು ಅದನ್ನೂ ಬಿಡುವುದಿಲ್ಲ. ಮಾವಿನ ಹಣ್ಣು ಹುಲ್ಲಿನಲ್ಲಿ ಮಾಗುವುದು ತಪಸ್ಸು. ಆಷಾಢದ ಗಾಳಿಗೆ ತಾರಸಿಯ ಬಟ್ಟೆ ಹಾರಿ ಪಕ್ಕದವರ ಮನೆಗೆ ಬಿದ್ದರೆ ಅದು ವೈರಾಗ್ಯ. ಅವರೆಕಾಯಿ ಕಾಲದಲ್ಲಿ ವಿಜಯನಗರ ಮಾರ್ಕೆಟ್ಟಿನಿಂದ ಚೀಲ ಹೊತ್ತು ತಂದು, ನೆನೆಹಾಕಿ, ಹಿತಕಿದ ಬೇಳೆ ಮಾಡುವವಳು ನಾನು. ಸಿಪ್ಪೆ ದೇಹ, ಬೇಳೆ ಆತ್ಮ ಎಂದು ಬರೆಯುವವರು ಅವರು. ಆತ್ಮವನ್ನು ಹಿತುಕಿ ಹಿತುಕಿ ಉಗುರು ನೋಯುವುದು ಯಾರಿಗೆ ಎಂದು ಅವರು ಒಮ್ಮೆಯೂ ಬರೆದಿಲ್ಲ.

ಬರೆಯುವುದು ಎಂದೆನಲ್ಲ, ಅದು ಫೋನಿನಲ್ಲಿ. 'ನಿತ್ಯದರ್ಶನ' ಎಂದು ಒಂದು ಗುಂಪು ಮಾಡಿಕೊಂಡಿದ್ದಾರೆ. ನಮ್ಮ ಚಂದ್ರಾ ಲೇಔಟಿನ ಪಾರ್ಕಿನ ಬೆಂಚಿನವರು, ಹಳೆಯ ಕಚೇರಿಯವರು, ಅವರಿಗೆ ಗೊತ್ತಿದ್ದವರು ಎಲ್ಲ ಅದರಲ್ಲಿದ್ದಾರೆ. ಬೆಳಿಗ್ಗೆ ನಾನು ಕಾಫಿ ಸೋಸುವ ಹೊತ್ತಿಗೆ ಒಂದು ಉಪದೇಶ ಹೊರಡುತ್ತದೆ, ಡಿಕಾಕ್ಷನ್ ಇಳಿಯುವುದರೊಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬರುತ್ತವೆ. ಅವರಲ್ಲಿ ಒಬ್ಬರೂ ಪೂರ್ತಿ ಓದಿರುವುದಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಇವರನ್ನು ಸರಿಯಾಗಿ ಗೋಳು ಹೊಯ್ದುಕೊಳ್ಳುತ್ತಿದ್ದವಳು ಒಬ್ಬಳೇ, ನನ್ನ ತಮ್ಮ ಸೀನುವಿನ ಹೆಂಡತಿ ಲತಾ. ಸೀನು ಕೆಂಗೇರಿಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಮಾತು ಕಡಿಮೆ. ಆ ಕೊರತೆಯನ್ನೆಲ್ಲ ಲತಾ ತುಂಬುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ, ಹಬ್ಬ ಹುಣ್ಣಿಮೆಗೆಲ್ಲ ನಮ್ಮ ಮನೆಗೇ ಬರುತ್ತಿದ್ದರು. ಬಂದವಳೇ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನುಗ್ಗಿ, ಅಲ್ಲಿಂದಲೇ ಕೂಗುತ್ತಿದ್ದಳು: "ಅಣ್ಣಾ, ಚಪಾತಿ ಸೀದೋಯ್ತು. ಇದ್ರಲ್ಲೇನು ಪಾಠ ಹೇಳಿ."

ಯಜಮಾನರು ಗಂಟಲು ಸರಿಮಾಡಿಕೊಂಡು, "ನೋಡಮ್ಮಾ, ಅತಿಯಾದ ತಾಪ..." ಎಂದು ಶುರುಮಾಡಿದರೆ, "ತಾಪ ಅಲ್ಲ ಅಣ್ಣಾ, ನಿಮ್ಮ ಜೊತೆ ಮಾತಾಡ್ತಾ ಚಪಾತಿ ಹಾಕ್ಬಾರ್ದು, ಅಷ್ಟೇ ಪಾಠ" ಎಂದು ಅವಳೇ ಮುಗಿಸಿಬಿಡುತ್ತಿದ್ದಳು. ಆಗ ಅವರೂ ನಗುತ್ತಿದ್ದರು. ಅವರನ್ನು ನಗಿಸಿ ಬಾಯಿ ಮುಚ್ಚಿಸುವ ಉಪಾಯ ನನಗೆ ಇಷ್ಟು ವರ್ಷವಾದರೂ ಬಂದಿಲ್ಲ.

ಮುಂದೆ ಹೇಳುವುದು ಅರ್ಥವಾಗಬೇಕಾದರೆ ಭೀಮನ ಅಮಾವಾಸ್ಯೆಯ ಬಗ್ಗೆ ಸ್ವಲ್ಪ ಹೇಳಬೇಕು. ಆಷಾಢದ ಕೊನೆಯ ದಿನ ಬರುವ ಹಬ್ಬ. ಹೆಂಗಸರು ಗಂಡನ ಪಾದಪೂಜೆ ಮಾಡುವ ದಿನ ಎಂದು ಎಲ್ಲರಿಗೂ ಗೊತ್ತು. ಅದಕ್ಕೆ ಇನ್ನೊಂದು ಭಾಗವಿದೆ, ನನ್ನ ಮಟ್ಟಿಗೆ ಅದೇ ಹಬ್ಬ. ಗೋಧಿಹಿಟ್ಟಿನ ಕಣಕದೊಳಗೆ ನಾಣ್ಯ ಅಡಗಿಸಿ ಕಡುಬು ಬೇಯಿಸುತ್ತೇವೆ. ಅದನ್ನು ಭಂಡಾರ ಎನ್ನುತ್ತೇವೆ. ಹೊಸ್ತಿಲ ಮೇಲೆ ಇಟ್ಟ ಭಂಡಾರವನ್ನು ಅಣ್ಣನೋ ತಮ್ಮನೋ ಮಂಡಿಯೂರಿ ಕೂತು ಮೊಣಕೈಯಿಂದ ಒಡೆಯಬೇಕು. ಒಡೆದ ಮೇಲೆ ಒಳಗೆ ಬಂದು, ಬಗ್ಗಿ ನಿಂತ ಅಕ್ಕತಂಗಿಯ ಬೆನ್ನಿಗೆ ಒಂದು ಗುದ್ದು ಕೊಡಬೇಕು. ಗುದ್ದು ಬಿದ್ದ ತಕ್ಷಣ ಅವಳು "ನೂರು ವರ್ಷ ಬಾಳು" ಎಂದು ಹರಸಬೇಕು. ಹರಸುವುದಕ್ಕೆ ಗುದ್ದು ಯಾಕೆ ಎಂದು ಚಿಕ್ಕಂದಿನಲ್ಲಿ ಅಮ್ಮನನ್ನು ಕೇಳಿದ್ದೆ. "ಯಾಕೆ ಅಂತ ಏನು ಬಂತು, ಹಂಗೇ ಮಾಡೋದು" ಎಂದಿದ್ದಳು. ಅದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಈವರೆಗೆ ಯಾವ ಸತ್ಸಂಗದಲ್ಲೂ ಕೇಳಿಲ್ಲ.

ನನ್ನ ಕಣಕ ಯಾವಾಗಲೂ ಗಟ್ಟಿ. ಅದು ನನ್ನ ಕೈಗುಣ, ತಿದ್ದಲು ಹೋದಷ್ಟೂ ಕೆಡುತ್ತದೆ. ಸೀನು ಪ್ರತಿ ವರ್ಷ ಮೊಣಕೈ ಉಜ್ಜಿಕೊಳ್ಳುತ್ತ, "ಏನೇ ಇದು, ಕಡುಬೋ ಸೈಜುಗಲ್ಲೋ" ಎನ್ನುತ್ತಿದ್ದ. ಆ ಸೇಡನ್ನೆಲ್ಲ ಗುದ್ದಿನಲ್ಲಿ ತೀರಿಸಿಕೊಳ್ಳುತ್ತಿದ್ದ. ಮುಷ್ಟಿ ಕಟ್ಟಿ, ಬೆನ್ನಿನ ನಡುಮಧ್ಯಕ್ಕೆ, ಸಂಜೆಯವರೆಗೂ ನೆನಪಿರುವ ಹಾಗೆ.

ಅವನದು ಮುಗಿದ ಮೇಲೆ ಲತಾಳ ಸರದಿ. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ಅವಳೇ ಹುಟ್ಟುಹಾಕಿದ್ದು. ಮದುವೆಯಾಗಿ ಬಂದ ಮೊದಲ ವರ್ಷವೇ, "ಅತ್ತಿಗೆ, ನಂಗೆ ಅಣ್ಣತಮ್ಮ ಯಾರೂ ಇಲ್ಲ, ನನ್ನ ಭಂಡಾರ ಒಡೆಯೋರಿಲ್ಲ. ಏಟು ಕೊಡೋ ಭಾಗ್ಯನಾದ್ರೂ ಇರ್ಲಿ" ಎಂದು ಅಡುಗೆಮನೆಯಿಂದ ಓಡಿಬಂದು ನನ್ನ ಬೆನ್ನಿಗೆ ಒಂದು ಹಾಕಿದಳು. ಅವಳದು ಮುಷ್ಟಿಯಲ್ಲ, ಬಿಡಿಸಿದ ಅಂಗೈ. ಬಲ ಭುಜದ ಕೆಳಗೆ ಬೀಳುತ್ತಿತ್ತು, ಬಳೆಗಳೆಲ್ಲ ಝಲ್ ಎನ್ನುತ್ತಿದ್ದವು. ಅವಳಿಗೂ "ನೂರು ವರ್ಷ ಬಾಳು" ಎನ್ನುತ್ತಿದ್ದೆ. ಹಾಗೆ ಪ್ರತಿ ವರ್ಷವೂ ನನಗೆ ಎರಡು ಏಟು.

ನೂರು ವರ್ಷದಲ್ಲಿ ಅವಳು ಅರ್ಧವನ್ನೂ ಮುಟ್ಟಲಿಲ್ಲ. ಒಂದು ಬೇಸಿಗೆ, ಮಿಡಿ ಮಾವಿನ ಉಪ್ಪಿನಕಾಯಿ ಹಾಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಟ್ಟವಳು ಜ್ವರವೆಂದು ಆಸ್ಪತ್ರೆ ಸೇರಿ ಮನೆಗೆ ಮರಳಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಸೀನುವಿನ ಮನೆಯಲ್ಲಿ ಅಡುಗೆಯವರು ಹುಡುಕಾಡಿ ಅದೇ ಜಾಡಿಯನ್ನು ಬಿಚ್ಚಿ ಎಲೆಗಳಿಗೆ ಉಪ್ಪಿನಕಾಯಿ ಬಡಿಸಿದ್ದರು. ಅದು ಅವಳು ಹಾಕಿದ್ದು ಎಂದು ಯಾರೋ ಹೇಳಿದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನಮ್ಮ ಯಜಮಾನರು ಪಂಕ್ತಿಯ ನಡುವೆ ಎದ್ದು ನಿಂತರು. ಹಾಕಿದವಳು ರುಚಿ ನೋಡಲಿಲ್ಲ, ತಿನ್ನುತ್ತಿರುವವರು ನಾವು, ಫಲದ ಆಸೆಯಿಲ್ಲದೆ ಕರ್ಮ ಮಾಡು ಎಂಬುದನ್ನು ಲತಾ ಒಂದು ಜಾಡಿಯಿಂದ ನಮಗೆ ಕಲಿಸಿ ಹೋಗಿದ್ದಾಳೆ ಎಂದರು. ಊಟಕ್ಕೆ ಬಂದವರು ತಲೆದೂಗಿದರು. ಉಪ್ಪಿನಕಾಯಿ ನೆಕ್ಕಿಕೊಂಡೇ ತಲೆದೂಗಿದ ಆ ಮುಖಗಳನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಸೀನು ಎಲೆಯ ಮುಂದಿನಿಂದ ಎದ್ದ. ಅವನು ಒಂದು ತುತ್ತೂ ಉಂಡಿರಲಿಲ್ಲ. "ಭಾವ, ನನ್ನ ಹೆಂಡ್ತಿ ನಿಮ್ಗೆ ಪಾಠ ಅಲ್ಲ" ಎಂದ. ಅಷ್ಟೇ. ಕೈ ತೊಳೆದು ಹೊರಗೆ ಹೋಗಿ ರಸ್ತೆಯಲ್ಲಿ ನಿಂತ. ನಾನು ಹಿಂದೆ ಓಡಿದೆ. "ಅವ್ರಿರೋ ಮನೆಗೆ ನಾನು ಬರಲ್ಲ ಕಣೇ. ನೀನೂ ಫೋನು ಗೀನು ಮಾಡ್ಬೇಡ" ಎಂದ. ಒಂದೆರಡು ತಿಂಗಳಲ್ಲಿ ಸರಿಹೋಗುತ್ತಿತ್ತೇನೋ. ಆದರೆ ಮರುದಿನ ಬೆಳಿಗ್ಗೆ ಜಾಡಿಯ ಫೋಟೋ ಸಮೇತ ಅದೇ ಉಪದೇಶ 'ನಿತ್ಯದರ್ಶನ'ದಲ್ಲಿ ಹೊರಟಿತು. ಅದು ಯಾರ್ಯಾರದೋ ಫೋನು ಸುತ್ತಿ ಕೊನೆಗೆ ಸೀನುವಿನ ಫೋನಿಗೂ ಬಂತಂತೆ, ಕೆಳಗೆ ಕೈಮುಗಿದ ಚಿತ್ರಗಳ ಸಮೇತ.

ನಾನು ಗಂಡನೊಡನೆ ಜಗಳವಾಡಿದೆ, ಕಣ್ಣೀರು ಹಾಕಿದೆ, ಮಾತು ಬಿಟ್ಟೆ. ಅವರು ನನ್ನ ಮೌನದಲ್ಲೂ ಪಾಠ ಕಂಡುಕೊಂಡರು. ಆಮೇಲೆ ನಾನೇ ಮತ್ತೆ ಮಾತಾಡತೊಡಗಿದೆ.

ಹೀಗೆ ವರ್ಷಗಳು ಹೋದವು. ಮೆಟ್ರೊದಲ್ಲಿ ಕೂತರೆ ಕೆಂಗೇರಿ ಎಷ್ಟು ದೂರ? ನನ್ನ ತಮ್ಮ ಮಾತ್ರ ಬರಲಿಲ್ಲ. ಆದರೂ ಪ್ರತಿ ಭೀಮನ ಅಮಾವಾಸ್ಯೆಗೆ ನಾನು ಒಂದು ಭಂಡಾರ ಮಾಡಿ ಹೊಸ್ತಿಲ ಮೇಲೆ ಇಡುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಎತ್ತಿಕೊಂಡು, ಹಿತ್ತಲ ಒರಳುಕಲ್ಲಿಗೆ ಕುಕ್ಕಿ ಒಡೆದು, ನಾಣ್ಯ ತೆಗೆದುಕೊಂಡು, ಬೀದಿಯ ಹಸುವಿಗೆ ಹಾಕುತ್ತಿದ್ದೆ. ಅದನ್ನು ನೋಡಿ ಯಜಮಾನರು ಏನೋ ಬರೆಯಲು ಫೋನು ಕೈಗೆತ್ತಿಕೊಂಡದ್ದುಂಟು. ನಾನು ಒರಳಿನ ಗುಂಡು ಕೈಗೆತ್ತಿಕೊಂಡೆ. ಅವರು ಫೋನನ್ನು ಕೆಳಗಿಟ್ಟರು.

ಆ ವರ್ಷವೂ ಹಾಗೇ. ಬೆಳಿಗ್ಗೆ ಪಾದಪೂಜೆ ಮುಗಿಯಿತು. ಕಾಲು ತೊಳೆಸಿಕೊಳ್ಳುವಾಗಲೂ ಅವರ ಮಾತು ನಿಲ್ಲಲಿಲ್ಲ. ಪಾದ ಎಂದರೆ ಬರಿಯ ಪಾದವಲ್ಲ ಎಂದು ಹೇಳುತ್ತಿದ್ದರು. ಹಿಮ್ಮಡಿಯ ಬಿರುಕು ಉಜ್ಜುತ್ತಿದ್ದ ನನಗೆ ಅದು ಬರಿಯ ಪಾದವಾಗಿಯೇ ಕಂಡಿತು. ಊಟ ಮಾಡಿಕೊಂಡು ಬಸವೇಶ್ವರನಗರದ ಗೆಳೆಯರ ಮನೆಗೆ ಹೊರಟರು, ಅಲ್ಲಿ ಇವರ ಉಪನ್ಯಾಸ, 'ದಾಂಪತ್ಯದ ದೀಪ' ಎಂದು. ಮನೆಯಲ್ಲಿ ನಾನೊಬ್ಬಳೇ. ಮಗಳು ಮೈಸೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಮಹಡಿಯ ಬಾಡಿಗೆಯವರು ಗದಗಿನ ಕಡೆಯ ಹುಡುಗರು, ಊಟ ತಲುಪಿಸುವ ಕೆಲಸ, ಆ ಹೊತ್ತಿನಲ್ಲಿ ಮನೆಯಲ್ಲಿ ಇರುವುದೇ ಇಲ್ಲ. ಒಬ್ಬಳೇ ಇದ್ದಾಗ ನಾನು ಜಗಲಿಯ ಗ್ರಿಲ್ಲಿಗೆ ಒಳಗಿನಿಂದ ಬೀಗ ಹಾಕಿಕೊಳ್ಳುತ್ತೇನೆ. ಹಿಂದಿನ ಬಾಗಿಲಿಗೂ ಚಿಲಕ ಹಾಕಿತ್ತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದು ಈಗ ತಿಳಿಯುತ್ತದೆ.

ಮಧ್ಯಾಹ್ನ ಇಳಿಯುತ್ತಿತ್ತು. ಮೋಡ ಕವಿದಿತ್ತು, ಆದರೆ ಕತ್ತಲಾಗಿರಲಿಲ್ಲ. ಬೀದಿಯಲ್ಲಿ ತಳ್ಳುಗಾಡಿಯವನ ಧ್ವನಿವರ್ಧಕ ಹಳೇ ಕಬ್ಬಿಣ, ಹಳೇ ಪೇಪರ್ ಎಂದು ಒಂದೇ ರಾಗದಲ್ಲಿ ಕೂಗಿಕೊಂಡು ಹೋಗುತ್ತಿತ್ತು. ನಾನು ಭಂಡಾರವನ್ನು ತಂದು ಹೊಸ್ತಿಲ ಮೇಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಹೂ ಏರಿಸುತ್ತಿದ್ದೆ. ಗಾಳಿಗೆ ಹೂ ಉರುಳಿ ಉರುಳಿ ಬೀಳುತ್ತಿತ್ತು. ಅದನ್ನು ನಿಲ್ಲಿಸಲು ಬಗ್ಗಿದ್ದೆ. ಮುಖ ಬೀದಿಯ ಕಡೆ, ಬೆನ್ನು ಮನೆಯೊಳಗೆ.

ಬೆನ್ನ ಮೇಲೆ ಏಟು ಬಿತ್ತು.

ನೋವಾಗುವಂಥದ್ದಲ್ಲ. ಆದರೆ ನಾನು ಮುಂದಕ್ಕೆ ಮುಗ್ಗರಿಸಿ ಹೊಸ್ತಿಲಿಗೆ ಕೈಯೂರಿಕೊಂಡೆ. ಯೋಚನೆ ಬರುವ ಮೊದಲೇ ಬಾಯಿಂದ "ನೂರು ವರ್ಷ ಬಾಳು" ಎಂದು ಬಂದುಬಿಟ್ಟಿತು. ಅಭ್ಯಾಸ. ಹೇಳಿಯಾದ ಮೇಲೆ ಮನೆಯಲ್ಲಿ ಯಾರೂ ಇಲ್ಲವೆಂದು ನೆನಪಾಯಿತು. ತಿರುಗಿ ನೋಡಿದರೆ ನಡುಮನೆ ಖಾಲಿ. ಊಟದ ಮೇಜಿನ ಮೇಲೆ ಬೆಳಗಿನ ಪೂಜೆಯ ತಟ್ಟೆ ಇಟ್ಟಲ್ಲೇ ಇತ್ತು. ಫ್ಯಾನು ಕೂಡ ತಿರುಗುತ್ತಿರಲಿಲ್ಲ. ಒಂದೊಂದೇ ಕೋಣೆಗೆ ಹೋಗಿ ನೋಡಿದೆ, ಮಂಚದ ಕೆಳಗೆ ಬಗ್ಗಿ ನೋಡಿದೆ, ಬಚ್ಚಲ ಬಾಗಿಲ ಹಿಂದೆ ನೋಡಿದೆ. ಗ್ರಿಲ್ಲಿನ ಬೀಗ ಹಾಗೇ ಇತ್ತು, ಹಿಂದಿನ ಚಿಲಕ ಹಾಗೇ ಇತ್ತು. ಭಂಡಾರವೂ ಹೊಸ್ತಿಲ ಮೇಲೆ ಇಡಿಯಾಗಿ ಕೂತಿತ್ತು. ಹೂ ಮಾತ್ರ ಮತ್ತೆ ಬಿದ್ದಿತ್ತು.

ಮೊದಲು ಹೊಳೆದದ್ದು ಸೀನು. ಇಂಥ ಕತೆಗಳನ್ನು ನೀವೂ ಕೇಳಿರುತ್ತೀರಿ, ಅಲ್ಲೆಲ್ಲೋ ಯಾರೋ ಸತ್ತ ಗಳಿಗೆಯಲ್ಲೇ ಇಲ್ಲಿ ಬಾಗಿಲು ಬಡಿದ ಸದ್ದಾಯಿತು, ದೀಪ ಆರಿತು. ಅಂಥ ಕತೆ ಹೇಳಿದವರನ್ನು ಮುಖಕ್ಕೇ ನಕ್ಕು ಕಳಿಸಿದವಳು ನಾನು. ಈಗ ಫೋನು ತೆಗೆದು ಅವನ ನಂಬರು ಒತ್ತಿದೆ. ಅವನು ಬೇಡವೆಂದ ಮೇಲೆ ಒಮ್ಮೆಯೂ ಮಾಡಿರಲಿಲ್ಲ. ಆ ಕಡೆ ಫೋನು ಬಹಳ ಹೊತ್ತು ಬಡಿದುಕೊಂಡಿತು.

"ಹೇಳು" ಎಂದ, ನಿನ್ನೆ ಮಾತಾಡಿ ಇಟ್ಟವನ ಹಾಗೆ.

"ಸೀನೂ, ಚೆನ್ನಾಗಿದೀಯೇನೋ?"

"ಅಂಗಡೀಲಿ ಇದೀನಿ. ಮೆಷಿನ್ ಬಿಚ್ಕೊಂಡು ಕೂತಿದೀನಿ. ಯಾಕೇ, ಏನಾಯ್ತು?"

ನನಗೆ ಅಳು ಬಂತು. ಅಳುತ್ತಲೇ ಅವನನ್ನು ಚೆನ್ನಾಗಿ ಬೈದೆ. ಬದುಕಿದ್ದೂ ಬರದವನು, ಕಲ್ಲು, ಮೂಳ ಎಂದೆಲ್ಲ ಬೈದೆ. ಆಮೇಲೆ ನಡೆದದ್ದನ್ನು ಹೇಳಿದೆ. ಹೇಳುವಾಗಲೇ ಅದು ಎಷ್ಟು ಪೆದ್ದುಪೆದ್ದಾಗಿ ಕೇಳಿಸುತ್ತಿದೆ ಎಂದು ನಾಚಿಕೆಯಾಗಿ, "ಬೆನ್ನು ಹಿಡಿದುಕೊಂಡಿರಬೇಕು ಬಿಡು" ಎಂದು ನಾನೇ ಸೇರಿಸಿದೆ.

ಆ ಕಡೆ ಸ್ಕ್ರೂಡ್ರೈವರ್ ಕೆಳಗಿಟ್ಟ ಸದ್ದಾಯಿತು. ಆಮೇಲೆ ಕೇಳಿದ: "ಮುಷ್ಟಿನಾ, ಅಂಗೈನಾ?"

ಅವನು ಕೇಳುವವರೆಗೂ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಏಟು ಎಂದೊಡನೆ ಸೀನು ಎಂದುಕೊಂಡು ಗಾಬರಿಬಿದ್ದಿದ್ದೆ. ಈಗ ಕಣ್ಣು ಮುಚ್ಚಿ ನೆನೆದೆ. ಬೆನ್ನಿನ ಮೇಲೆ ಅದು ಇನ್ನೂ ಇತ್ತು, ನೀರಿನಲ್ಲಿ ಅದ್ದಿದ ಕೈಯನ್ನು ಗೋಡೆಗೆ ಒತ್ತಿದರೆ ಗುರುತು ಉಳಿಯುತ್ತದಲ್ಲ ಹಾಗೆ. ನಡುಮಧ್ಯದಲ್ಲಲ್ಲ, ಬಲ ಭುಜದ ಕೆಳಗೆ. ಐದು ಬೆರಳೂ ಬಿಡಿಬಿಡಿಯಾಗಿ.

"ಅಂಗೈ" ಎಂದೆ.

ಫೋನು ಕಟ್ಟಾಯಿತು.

ಅವನಿಗೆ ಸಿಟ್ಟು ಬಂತು ಎಂದುಕೊಂಡೆ. ಬರಬೇಕಾದ್ದೇ. ಭಾವ ಅವಳನ್ನು ಪಾಠ ಮಾಡಿದರು, ಅಕ್ಕ ಅವಳನ್ನು ದೆವ್ವ ಮಾಡಿದಳು ಎಂದು ಅವನಿಗೆ ಅನ್ನಿಸಿದ್ದರೆ ತಪ್ಪೇನು? ನನ್ನ ಬಗ್ಗೆಯೇ ನನಗೆ ಹೇಸಿಗೆಯಾಯಿತು. ಹೊಸ್ತಿಲ ಪಕ್ಕದಲ್ಲಿ ಗೋಡೆಗೆ ಒರಗಿ ಕೂತೆ. ಭಂಡಾರವನ್ನು ಎತ್ತಲು ಮನಸ್ಸು ಬರಲಿಲ್ಲ.

ಬೀದಿದೀಪ ಹತ್ತುವ ಹೊತ್ತಿಗೆ ಗ್ರಿಲ್ಲಿನ ಮುಂದೆ ಸೀನು ನಿಂತಿದ್ದ. ಕೈಗೆಲ್ಲ ಮೆಷಿನ್ ಎಣ್ಣೆ, ಅಂಗಡಿಯಿಂದ ನೇರ ಮೆಟ್ರೊ ಹತ್ತಿ ಬಂದಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಬೀಗ ತೆಗೆದೆ. ಅವನು ಹೊಸ್ತಿಲನ್ನು ದಾಟಲಿಲ್ಲ, ಭಂಡಾರದ ಆಚೆ ಬದಿಗೇ ಕುಕ್ಕರುಗಾಲಲ್ಲಿ ಕೂತ. ನಾನು ಈಚೆಗೆ ಕೂತೆ.

"ಮೊದ್ಲಿಂದ ಹೇಳು" ಎಂದ.

ಹೇಳಿದೆ. ಎಲ್ಲಿ ಬಗ್ಗಿದ್ದೆ, ಏಟು ಯಾವ ಕಡೆಯಿಂದ ಬಂತು, ಎಷ್ಟು ಜೋರು, ನಾನು ಏನಂದೆ, ಎಲ್ಲವನ್ನೂ ಅವನು ಬಿಡಿಸಿ ಬಿಡಿಸಿ ಕೇಳಿದ. ಹಾಳಾದ ಮೆಷಿನ್ನಿನ ಬಗ್ಗೆ ಗಿರಾಕಿಯನ್ನು ಕೇಳುವ ಹಾಗೆ ಕೇಳುತ್ತಿದ್ದ. ಅದರ ಅರ್ಥವೇನು ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.

ಕೊನೆಗೆ ತಲೆ ತಗ್ಗಿಸಿಕೊಂಡು ಕೇಳಿದ: "ಬಳೆ ಸದ್ದು ಕೇಳಿಸ್ತಾ?"

ನೀವು ನನ್ನ ಜಾಗದಲ್ಲಿ ಇದ್ದಿದ್ದರೆ ಏನು ಹೇಳುತ್ತಿದ್ದಿರೋ ತಿಳಿಯದು. ಹೂಂ ಎನ್ನುವುದು ಸುಲಭವಿತ್ತು. ಅವನಿಗೆ ಅದೇ ಬೇಕಾಗಿತ್ತು, ಅಷ್ಟು ದೂರ ಅದಕ್ಕಾಗಿಯೇ ಬಂದಿದ್ದ. ಒಂದು ಹೂಂ ಅಂದರೆ ನನ್ನ ತಮ್ಮ ಹಿಂದಿನಂತೆ ನಮ್ಮ ಮನೆಗೆ ಬರುತ್ತಾನೆ, ಉಣ್ಣುತ್ತಾನೆ, ಕಣ್ಣೊರೆಸಿಕೊಂಡು ನಿದ್ದೆ ಮಾಡುತ್ತಾನೆ. ಅದು ನನಗೆ ಕಾಣುತ್ತಲೇ ಇತ್ತು. ಆದರೆ ಇಲ್ಲದ್ದನ್ನು ಇದೆಯೆಂದು ಹೇಳಿ ಜನರಿಗೆ ಸಮಾಧಾನ ಹಂಚುವ ಕಸುಬನ್ನು ನಾನು ದಿನಬೆಳಗಾದರೆ ನೋಡುತ್ತೇನೆ. ಅದರ ಮೇಲಿನ ತಿರಸ್ಕಾರ ನನ್ನ ನಾಲಿಗೆಯನ್ನು ಹಿಡಿದುಕೊಂಡಿತು.

"ಇಲ್ಲ ಕಣೋ. ಬಳೆ ಸದ್ದು ಕೇಳಿಸ್ಲಿಲ್ಲ" ಎಂದೆ. ಹೇಳಿ, ಅವನು ಎದ್ದು ಹೋಗುತ್ತಾನೆಂದು ಕಾದೆ.

ಅವನು ಏಳಲಿಲ್ಲ. ಎಣ್ಣೆಗೈಯನ್ನೇ ಮುಖಕ್ಕೆ ಒತ್ತಿಕೊಂಡು ಅತ್ತ. ಮಾತು ಬಂದಾಗ ಹೇಳಿದ: "ಆಸ್ಪತ್ರೇಲಿ ಬಳೆ ಎಲ್ಲ ತೆಗೆಸಿ ನನ್ನ ಕೈಗೆ ಕೊಟ್ಟಿದ್ರು. ಕಳಿಸೋವಾಗ ಹಾಕೋಣ ಅಂತ ಅವಳ ಚಿಕ್ಕಮ್ಮ ನೋಡಿದ್ರು. ಕೈ ಊದ್ಕೊಂಡಿತ್ತು, ಒಂದೂ ಏರಲಿಲ್ಲ. ಬರಿಗೈಲೇ ಹೋದ್ಲು ಅಕ್ಕಾ. ಬಳೆ ಈಗ್ಲೂ ನನ್ನ ಹತ್ರಾನೇ ಇವೆ."

ಇದು ನನಗೆ ಗೊತ್ತಿರಲಿಲ್ಲ. ಆ ದಿನ ನಾನು ಹೊರಗೆ ಬಂದವರನ್ನು ನೋಡಿಕೊಳ್ಳುತ್ತಿದ್ದೆ, ಒಳಗೆ ಅವಳಿಗೆ ಸೀರೆಯುಡಿಸಿದವರು ಅವಳ ತವರಿನ ಹೆಂಗಸರು. ಅವನೂ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಿದೆ ಎಂಬುದನ್ನು ಅಷ್ಟು ವರ್ಷ ಒಬ್ಬನೇ ನುಂಗಿಕೊಂಡಿದ್ದ.

ಸರಿಯಾಗಿ ಆಗಲೇ ನಮ್ಮ ಯಜಮಾನರು ಕೊರಳಲ್ಲಿ ಹಾರ ಹಾಕಿಕೊಂಡು ಉಪನ್ಯಾಸದಿಂದ ಮರಳಿದರು. ಸೀನುವನ್ನು ಕಂಡು ಗೇಟಿನಲ್ಲೇ ನಿಂತರು. ವಿಷಯ ನಾನೇ ಹೇಳಿದೆ, ಚುಟುಕಾಗಿ. ಕೇಳುತ್ತ ಕೇಳುತ್ತ ಅವರ ಮುಖ ಬೆಳಗತೊಡಗಿತು. ಆ ಬೆಳಕು ನನಗೆ ಚೆನ್ನಾಗಿ ಗೊತ್ತು. ಹಾಲು ಉಕ್ಕಿದಾಗ, ಬಟ್ಟೆ ಹಾರಿದಾಗ, ಪಂಕ್ತಿಯ ನಡುವೆ ಎದ್ದು ನಿಂತಾಗ ಬರುವ ಬೆಳಕು. "ನೋಡಿ, ಇದರಲ್ಲಿ..." ಎಂದು ಬಾಯಿ ತೆರೆದರು. ಸೀನುವಿನ ಬೆನ್ನು ಸೆಟೆಯಿತು.

"ಬಾಯಿ ಮುಚ್ಚಿ" ಎಂದೆ.

ಮದುವೆಯಾದಾಗಿನಿಂದ ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೆನೋ ಲೆಕ್ಕವಿಲ್ಲ, ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಒಂದು ಅಕ್ಷರ ಆಡಿದ್ರೆ ಈ ಭಂಡಾರ ತಗೊಂಡು ನಿಮ್ಮ ತಲೆ ಮೇಲೆ ಒಡೀತೀನಿ. ಅದು ಎಷ್ಟು ಗಟ್ಟಿ ಅಂತ ನಿಮಗೆ ಗೊತ್ತು."

ಅವರು ನನ್ನನ್ನು ನೋಡಿದರು, ಸೀನುವನ್ನು ನೋಡಿದರು. ಹಾರ ತೆಗೆದು ಗ್ರಿಲ್ಲಿಗೆ ಸಿಕ್ಕಿಸಿ, ಭಂಡಾರಕ್ಕೆ ತಾಗದಂತೆ ಹೊಸ್ತಿಲು ದಾಟಿ ಒಳಗೆ ಹೋದರು.

ಸೀನು ಮಂಡಿಯೂರಿದ. ಬೆಳಗ್ಗೆ ಬೇಯಿಸಿದ ಕಡುಬು ಸಂಜೆಗೆ ಇನ್ನೂ ಬಿರುಸಾಗಿತ್ತು, ಒಂದು ಏಟಿಗೆ ಒಡೆಯಲಿಲ್ಲ, ಎರಡಕ್ಕೂ ಒಡೆಯಲಿಲ್ಲ. "ಥೂ, ಇನ್ನೂ ಕಲೀಲಿಲ್ವಾ ನೀನು" ಎಂದು ಬೈದುಕೊಂಡು ಕೊನೆಗೂ ಒಡೆದ. ಒಳಗೆ ಬಂದು ಗುದ್ದಿದ. ನಡುಮಧ್ಯಕ್ಕೆ, ಮುಷ್ಟಿಯಿಂದ. "ನೂರು ವರ್ಷ ಬಾಳು" ಎಂದೆ.

ಅಡುಗೆಮನೆಗೆ ಹೋದರೆ ಯಜಮಾನರು ಎಲೆ ಹಾಕಿ, ನೀರು ಚಿಮುಕಿಸಿ, ಬಡಿಸಿಟ್ಟಿದ್ದರು. ಅನ್ನ, ಸಾರು, ಪಲ್ಯ, ಹಬ್ಬದ ಕಡುಬು, ಎಲ್ಲವೂ ಅದರದರ ಜಾಗದಲ್ಲಿ. ಎಲೆಯ ಎಡತುದಿಯಲ್ಲಿ ಉಪ್ಪಿನಕಾಯಿಯ ಜಾಗವೊಂದು ಖಾಲಿ. ನಾನು ಬಡಿಸಲು ಜಾಡಿಗೆ ಕೈಹಾಕಿದೆ. ಅವರು ಮೆಲ್ಲನೆ ನನ್ನ ಕೈ ಹಿಡಿದು, ಬೇಡವೆಂದು ತಲೆಯಾಡಿಸಿದರು. ಅವರಿಗೆ ಅಷ್ಟು ಬುದ್ಧಿಯಿತ್ತೆಂದು ನನಗೆ ಗೊತ್ತಿರಲಿಲ್ಲ. ಮರುದಿನ 'ನಿತ್ಯದರ್ಶನ'ದಲ್ಲಿ ಏನೂ ಬರಲಿಲ್ಲ. ಏನಾದರೂ ಪವಾಡ ನಡೆದಿದ್ದರೆ ಅದು ಅದೇ ಎಂದು ನನ್ನ ಅಭಿಪ್ರಾಯ. ಅದರ ಮರುದಿನ ದೋಸೆ ಕಾವಲಿಯ ಬಗ್ಗೆ ಒಂದು ಬಂತು, ಎಲ್ಲವೂ ಯಥಾಸ್ಥಿತಿಗೆ ಬಂತು.

ಏಟಿನ ವಿಷಯವನ್ನು ವಿಜಯನಗರದ ಮೂಳೆ ಡಾಕ್ಟರನ್ನು ಕೇಳಿದೆ. "ಈ ವಯಸ್ಸಲ್ಲಿ ಬಗ್ಗಿದಾಗ ಹಂಗೆಲ್ಲ ಹಿಡ್ಕೊಳತ್ತೆ ಆಂಟಿ" ಎಂದು ಮಾತ್ರೆ ಬರೆದುಕೊಟ್ಟರು. ಹಿಡಿತಕ್ಕೆ ಐದು ಬೆರಳಿರುತ್ತವೆಯೇ ಎಂದು ಕೇಳಲು ನಾಚಿಕೆಯಾಯಿತು. ಅಂಗೈಯೋ ಮುಷ್ಟಿಯೋ ಎಂದು ಸೀನು ಕೇಳಿದ ಮೇಲೆ ನನ್ನ ಬೆನ್ನು ಅಂಗೈಯನ್ನು ನೆನಪಿಸಿಕೊಂಡಿರಬಹುದು, ಅದನ್ನೂ ಒಪ್ಪುತ್ತೇನೆ. ಆದರೆ ಬಳೆಯ ಸದ್ದಿಲ್ಲ ಎಂದದ್ದು ನಾನು, ಏನೂ ಗೊತ್ತಿಲ್ಲದೆ. ಅಲ್ಲಿಗೆ ಬಂದಾಗಲೆಲ್ಲ ನನ್ನ ತರ್ಕ ನಿಂತುಹೋಗುತ್ತದೆ.

ಈಗ ಸೀನು ತಪ್ಪದೆ ಬರುತ್ತಾನೆ. ಭಂಡಾರ ಒಡೆದು, ಬೈದು, ಗುದ್ದುತ್ತಾನೆ, ನಾನು ಹರಸುತ್ತೇನೆ. ಆದರೆ ಕೂಡಲೇ ಎದ್ದು ನಿಲ್ಲುವುದಿಲ್ಲ. ಹೊಸ್ತಿಲ ಕಡೆ ಮುಖ ಮಾಡಿ, ಬೆನ್ನು ಒಳಗೆ ಮಾಡಿ ಇನ್ನೂ ಸ್ವಲ್ಪ ಹೊತ್ತು ಬಗ್ಗಿಯೇ ಇರುತ್ತೇನೆ. ಯಾಕೆಂದು ಯಾರೂ ಕೇಳುವುದಿಲ್ಲ. ಯಜಮಾನರೂ ಗೋಡೆಯ ಪಕ್ಕ ಸುಮ್ಮನೆ ನಿಂತಿರುತ್ತಾರೆ. ಆ ವರ್ಷದ ನಂತರ ಎರಡನೆಯ ಏಟು ಬಂದಿಲ್ಲ. ಬಂದರೆ ಏನು ಹೇಳಬೇಕೆಂದು ಪ್ರತಿ ವರ್ಷ ಅಷ್ಟು ಹೊತ್ತೂ ಯೋಚಿಸುತ್ತೇನೆ. ಅವಳಿಗೆ ನೂರು ವರ್ಷ ಬಾಳು ಎನ್ನುವಂತಿಲ್ಲ. ಬೇರೆ ಮಾತು ನನಗೆ ಇನ್ನೂ ಸಿಕ್ಕಿಲ್ಲ.